ನಿಂಬೆ ಗಿಡಕ್ಕೆ ‘ವರ್ಷದ ಪ್ಯಾಕೇಜ್’ ಅಂತ ಬಂದರೆ ಗೇಟು ತೆಗೆಯಬೇಡಿ

ಒಂದು ನಿಂಬೆ ಗಿಡ. ಒಂದೇ ಒಂದು. ಅದಕ್ಕೆ 6,000 ರೂಪಾಯಿ ಕಳೆದುಕೊಂಡೆ. ಹೇಳಿಕೊಳ್ಳೋಕೆ ನಾಚಿಕೆ, ಯಾಕೆಂದರೆ ನಾನು ಇಂಡಿ ಕಡೆಯವಳು. ನಮ್ಮ ಕಡೆ ಎಲ್ಲಿ ನೋಡಿದರೂ ನಿಂಬೆ ತೋಟ. ಅಲ್ಲಿಂದ ಬೆಂಗಳೂರಿಗೆ ಬಂದು ನಿಂಬೆ ಗಿಡದ ವಿಷಯದಲ್ಲೇ ಟೋಪಿ ಹಾಕಿಸಿಕೊಂಡೆ.

ಜನವರಿಯಲ್ಲಿ ಒಬ್ಬ ಬಂದ. ಬೆನ್ನಿಗೆ ನೀಲಿ ಪಂಪು. ತಿಂಗಳಿಗೊಂದು ಸಲ ಸ್ಪ್ರೇ, ಪೂರ್ತಿ ಸಾವಯವ, ವರ್ಷಕ್ಕೆ 4,800, ಮೊದಲೇ ಕೊಟ್ಟರೆ ಗೊಬ್ಬರ ಫ್ರೀ. ಅಲ್ಲೇ ನಿಂತು ಫೋನ್‌ಪೇ ಮಾಡಿದೆ. ಗೊಬ್ಬರ ಇವತ್ತಿಗೂ ಬಂದಿಲ್ಲ, ಅದು ಬಿಡಿ.

ಫೆಬ್ರವರಿಯಲ್ಲಿ ಗಿಡದ ತುಂಬ ಹೂ, ಹೂವಿನ ತುಂಬ ಜೇನು. “ಹೂ ಇದೆಯಲ್ಲಪ್ಪ, ಈಗ ಹೊಡೀಬಹುದಾ?” ಅಂದೆ. “ಸಾವಯವ ಮೇಡಂ, ಏನೂ ಆಗಲ್ಲ.” ಹೊಡೆದ. ಮೂರು ದಿನಕ್ಕೆ ಹೂವೆಲ್ಲ ನೆಲದಲ್ಲಿ. ಜೇನು ಒಂದೂ ಇಲ್ಲ. ಕೇಳಿದರೆ, “ಗಿಡಕ್ಕೆ ಹೀಟ್ ಆಗಿದೆ ಮೇಡಂ.”

ಜೂನ್ ಮಳೆಗೆ ಹೊಸ ಚಿಗುರು ಬಂತು. ಎಲೆ ಮುದುಡಿಕೊಂಡು, ಮೈಮೇಲೆಲ್ಲ ಬೆಳ್ಳಿ ಗೆರೆ. “ಇದು ವೈರಸ್. ಪ್ಯಾಕೇಜಲ್ಲಿ ಬರಲ್ಲ. 1,200 ಆಗುತ್ತೆ.” ಕೊಟ್ಟೆ. ಹ್ಞೂಂ, ಕೊಟ್ಟೆ!

ರಾತ್ರಿ ಅವ್ವನಿಗೆ ಫೋಟೊ ಕಳಿಸಿದೆ. ನಗೋಕೆ ಶುರು ಮಾಡಿದಳು. “ವೈರಸ್ಸೂ ಇಲ್ಲ ಮಣ್ಣೂ ಇಲ್ಲ. ರಂಗೋಲಿ ಹುಳ ಅದು. ಎಲಿ ಬೆಳಕಿಗೆ ಹಿಡಿದು ನೋಡು.” ಹಿಡಿದೆ. ಗೆರೆ ಸುತ್ತಿ ಸುತ್ತಿ ಹೋಗಿ ಮುಗಿಯುವ ಕಡೆ, ಎಲೆಯ ತೆಳು ಪೊರೆಯ ಒಳಗೆ, ಅಕ್ಕಿ ನುಚ್ಚಿನಷ್ಟು ಹಳದಿ ಹುಳ ಮಿಸುಕುತ್ತಿತ್ತು. “ರೊಕ್ಕ ಕೊಟ್ಟಿಲ್ಲ ಹೌದಲ್ಲ?” ಅಂದಳು. ಇಲ್ಲವ್ವ ಅಂದೆ. ಈ ವಯಸ್ಸಲ್ಲಿ ಅವ್ವನ ಹತ್ತಿರ ಸುಳ್ಳು.

ಆದರೂ ಸುಮ್ನಿದ್ದೆ. ಜುಲೈಯಲ್ಲಿ ಅವನು ತೊಟ್ಟಿ ಹಿಂದೆ ಬಾಟಲಿ ಮರೆತು ಹೋದ. ಅರ್ಧ ಹರಿದ ಲೇಬಲ್. ಮೂಲೆ ಮೇಲೆ ನಿಲ್ಲಿಸಿದ ಚೌಕದ ಗುರುತು, ಕೆಳಗಿನ ಅರ್ಧ ಹಳದಿ, ಮೇಲಿನ ಅರ್ಧದಲ್ಲಿ ಕೆಂಪಕ್ಷರದಲ್ಲಿ ವಿಷ ಅಂತ ಇಂಗ್ಲಿಷಿನಲ್ಲಿ. ಕೀಟನಾಶಕದ ಡಬ್ಬಿ ಮೇಲಿನ ಬಣ್ಣ ಗೊತ್ತಲ್ವಾ? ಕೆಂಪು ಎಲ್ಲಕ್ಕಿಂತ ಘೋರ, ಅದರ ಕೆಳಗೆ ಹಳದಿ, ಆಮೇಲೆ ನೀಲಿ, ಹಸಿರು. ಹಿಂದಿನ ದಿನವಷ್ಟೇ ಮಗಳು ಅದೇ ಗಿಡದ ಕಾಯಿ ಕಿತ್ತು ಶರಬತ್ತು ಮಾಡಿದ್ದಳು. “ಹೊಡೆದ ಮಾರನೇ ದಿನವೇ ತಿನ್ನಬಹುದು” ಅಂತ ಹೇಳಿದವನು ಇವನೇ! ಕೈ ನಡುಗಿತು.

ಫೋಟೊ ಹಾಕಿ ಕೇಳಿದೆ. ಮೊದಲು, “ಅದು ಬೇರೆ ಕಸ್ಟಮರ್‌ದು ಮೇಡಂ.” ಬೇರೆಯವರಿಗೂ ಸಾವಯವ ಅಂತ ತಾನೇ ಹೇಳಿರೋದು ಅಂದೆ. ಹತ್ತು ನಿಮಿಷ ಬಿಟ್ಟು ವಾಯ್ಸ್ ಮೆಸೇಜ್: “ಹಳದಿ ಅಂದ್ರೆ ಅರಿಶಿನ ಮಿಕ್ಸ್ ಮಾಡಿದಾರೆ ಅಂತ ಮೇಡಂ. ಆಯುರ್ವೇದಿಕ್.” ಅರಿಶಿನ! ಎರಡು ಸಲ ಕೇಳಿಸಿಕೊಂಡೆ. ನನ್ನನ್ನು ಏನಂದುಕೊಂಡಿದಾನೆ? ಉಳಿದ ತಿಂಗಳ ದುಡ್ಡು ವಾಪಸ್ ಕೊಡು ಅಂದೆ. “ಪ್ಯಾಕೇಜ್ ರಿಫಂಡ್ ಇಲ್ಲ.” ಆಮೇಲೆ ಬರೀ ನೀಲಿ ಟಿಕ್ಕು.

ವರ್ಷದ ದುಡ್ಡು ಮೊದಲೇ ಕೊಡಬೇಡಿ. ಲೇಬಲ್ ನೋಡದೆ ಒಂದು ಹನಿ ಹೊಡೆಸಬೇಡಿ, ಹೂ ಇದ್ದಾಗಂತೂ ಬೇಡವೇ ಬೇಡ. ರಂಗೋಲಿ ಹುಳ ಎಳೆ ಚಿಗುರಿಗೆ ಮಾತ್ರ ಬೀಳುತ್ತೆ. ಚಿಗುರು ಬಂದಾಗ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚೂರು ಸೋಪು ಬೆರೆಸಿ, ಸಂಜೆ, ಎಲೆ ಹಿಂದೆ ಮುಂದೆ. ಹಕ್ಕಿ ಹಿಕ್ಕೆ ಥರ ಎಲೆ ಮೇಲೆ ಕೂತಿರುತ್ತಲ್ಲ, ಅದು ಚಿಟ್ಟೆಯ ಹುಳ, ಕೈಯಲ್ಲೇ ತೆಗೀರಿ. ಇಷ್ಟಕ್ಕೆ ತಿಂಗಳಿಗೊಬ್ಬ ಬರಬೇಕಾ?

ನಿನ್ನೆ ಪಕ್ಕದ ರಸ್ತೆಯಲ್ಲಿ ಅದೇ ನೀಲಿ ಪಂಪು ಕಂಡೆ. ಓಡಿ ಹೋದೆ. ಅವನು ಗಾಡಿ ಹತ್ತಿಯಾಗಿತ್ತು. ಗೇಟಲ್ಲಿ ನಿಂತಿದ್ದ ಅಜ್ಜಿ ಖುಷಿಯಾಗಿ ಹೇಳಿದರು, “ಗೊಬ್ಬರ ಫ್ರೀಯಂತೆ ಕಣಮ್ಮಾ.”