ಅರ್ಧ ದಿನದ ಬೆಟ್ಟದ ಪ್ರವಾಸ: ಬಳ್ಳಾರಿ ಕೋಟೆಯೋ, ಅಂಜನಾದ್ರಿಯೋ?

ಬಳ್ಳಾರಿಯಲ್ಲಿ ಉಳಿದು, ಮಾರ್ಗದರ್ಶಿಯೊಂದಿಗೆ ಅರ್ಧ ದಿನದಲ್ಲಿ ಬೆಟ್ಟವೊಂದನ್ನು ನೋಡಬಯಸುವವರಿಗೆ ಊರೊಳಗಿನ ಕೋಟೆ ಗುಡ್ಡವೇ ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ವಿಜಯನಗರದ ಸಾಮಂತನಾಗಿದ್ದ ಹನುಮಪ್ಪ ನಾಯಕ ಕಟ್ಟಿಸಿದ ಮೇಲಿನ ಕೋಟೆಗೂ 18ನೇ ಶತಮಾನದಲ್ಲಿ ಹೈದರಾಲಿ ಕಟ್ಟಿಸಿದ ಕೆಳಗಿನ ಕೋಟೆಗೂ ಇರುವ ವ್ಯತ್ಯಾಸ, ಬಂಡೆಯ ಸಂದುಗಳಲ್ಲಿ ಮಳೆನೀರು ಹಿಡಿದಿಟ್ಟ ಹೊಂಡಗಳ ಜಾಣ್ಮೆ, ಎದುರಿನ ಕುಂಬಾರ ಗುಡ್ಡವೇ ಕೋಟೆಗಿಂತ ಹೆಚ್ಚು ಎತ್ತರ, ಅಲ್ಲಿಂದ ಕೋಟೆಯ ಮೇಲೆ ದಾಳಿ ಸುಲಭವೆಂದು ತಿಳಿದಾಗ ಹೈದರಾಲಿ ಕೋಟೆ ಕಟ್ಟಿದ ತನ್ನ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯ, ಇವೆಲ್ಲ ತಿಳಿದವರು ಸ್ಥಳದಲ್ಲೇ ನಿಂತು ತೋರಿಸಿದಾಗ ಮನಸ್ಸಿಗೆ ಇಳಿಯುತ್ತವೆ.

ಗಂಗಾವತಿ ಬಳಿಯ ಅಂಜನಾದ್ರಿಯ ಮಾತು ಬೇರೆ. ಸುಮಾರು 575 ಮೆಟ್ಟಿಲು ಹತ್ತಲು ಮಾರ್ಗದರ್ಶಿ ಬೇಕಿಲ್ಲ. ತುದಿಯಿಂದ ಕಾಣುವ ತುಂಗಭದ್ರೆ, ಭತ್ತದ ಗದ್ದೆ, ಗುಂಡುಬಂಡೆಗಳ ನೋಟಕ್ಕೆ ವಿವರಣೆಯೂ ಬೇಡ. ಆದರೆ ಬಳ್ಳಾರಿಯಿಂದ ಹೋಗಿಬರುವುದರಲ್ಲೇ ಹೊತ್ತು ಕಳೆಯುವುದರಿಂದ, ಪಂಪಾ ಸರೋವರ ಮತ್ತು ಆನೆಗೊಂದಿಯನ್ನೂ ಸೇರಿಸಿಕೊಂಡು ಇಡೀ ದಿನ ಮೀಸಲಿಡುವುದು ಒಳಿತು. ಬೇಸಿಗೆಯಲ್ಲಿ ಎರಡನ್ನೂ ಬಿಸಿಲೇರುವ ಮುನ್ನವೇ ಹತ್ತಬೇಕು.