ಪಾರ್ಲರ್ ಇನ್ಶೂರೆನ್ಸ್: ಕನ್ನಡಿಗೆ ಇದೆ, ಕಸ್ಟಮರ್ ಮುಖಕ್ಕೆ ಇಲ್ಲ

ಐದಕ್ಕೆ ಮೂರು ಸ್ಟಾರ್. ನಷ್ಟ ಲೆಕ್ಕ ಹಾಕೋಕೆ ಬಂದ ಸರ್ವೇಯರ್ ಒಳ್ಳೆಯವರು ಸಿಗದೇ ಇದ್ದಿದ್ದರೆ ಎರಡೇ ಕೊಡುತ್ತಿದ್ದೆ.

ನಾನು ಹೇಳುತ್ತಿರೋದು ಶಾಪ್‌ಕೀಪರ್ಸ್ ಪಾಲಿಸಿ ಬಗ್ಗೆ. ಬೆಂಕಿ, ಮಳೆನೀರು, ಕಳ್ಳತನ, ಗಾಜು, ಗಲ್ಲಾಪೆಟ್ಟಿಗೆ ದುಡ್ಡು, ಪಬ್ಲಿಕ್ ಲಯಬಿಲಿಟಿ (ಅಂಗಡಿಗೆ ಬಂದವರಿಗೆ ಪೆಟ್ಟಾದರೆ ಕೊಡಬೇಕಾದ ಪರಿಹಾರ) ಎಲ್ಲಾ ಒಂದೇ ಕಟ್ಟಿನಲ್ಲಿ ಬರೋ ಅಂಗಡಿ ವಿಮೆ. ಇಂಥದ್ದೊಂದು ಪಾಲಿಸಿಯನ್ನು ಸುಮಾರು ಕಂಪನಿಗಳು ಮಾರುತ್ತವೆ, ಹಾಗಾಗಿ ನಾನು ತಗೊಂಡ ಕಂಪನಿ ಹೆಸರು ಇಲ್ಲಿ ಬೇಡ. ಬೆಂಗಳೂರಿನ ವಿಜಯನಗರದಲ್ಲಿ ಗ್ರೌಂಡ್ ಫ್ಲೋರ್‌ನ ಒಂದು ರೂಮಿನಲ್ಲಿ ನನ್ನ ಪಾರ್ಲರ್. ಎರಡು ಚೇರು, ಒಂದು ಫೇಶಿಯಲ್ ಬೆಡ್, ಸಹಾಯಕ್ಕೆ ಒಬ್ಬಳು ಹುಡುಗಿ. ಮದುವೆ ಸೀಸನ್‌ನಲ್ಲಿ ಬ್ರೈಡಲ್ ಮೇಕಪ್‌ಗೆ ಛತ್ರಗಳಿಗೂ ಹೋಗುತ್ತೇನೆ. ನನ್ನ ಥರ ಒಬ್ಬರೇ ನಡೆಸೋರು ಈ ಪಾಲಿಸಿ ತಗೋಬೇಕಾ ಅಂದರೆ, ತಗೊಳ್ಳಿ. ಏಜೆಂಟ್ ಬಾಯಿಮಾತು ನಂಬಿ ಮಾತ್ರ ತಗೋಬೇಡಿ.

ಮಾರುವಾಗ ಏಜೆಂಟ್ ಹೇಳಿದ್ದು ಹೀಗೆ: "ಅಕ್ಕಾ, ಇದು ಪಾರ್ಲರ್‌ಗೇ ಅಂತ ಇರೋದು. ಕಸ್ಟಮರ್‌ಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಂಪನಿನೇ ನೋಡ್ಕೊಳ್ಳತ್ತೆ." ಪಾಲಿಸಿ ಕಾಗದದಲ್ಲಿ ಇರೋದೇ ಬೇರೆ. ಒದ್ದೆ ನೆಲದ ಮೇಲೆ ಕಸ್ಟಮರ್ ಜಾರಿ ಬಿದ್ದು ಕೈ ಮುರಿದುಕೊಂಡರೆ, ಗೋಡೆ ಕನ್ನಡಿ ಕಳಚಿ ಅವರ ಮೇಲೆ ಬಿದ್ದರೆ, ಆಗ ಪಬ್ಲಿಕ್ ಲಯಬಿಲಿಟಿ ಬರುತ್ತೆ. ಬಿಸಿ ವ್ಯಾಕ್ಸ್‌ನಿಂದ ಚರ್ಮ ಸುಟ್ಟರೆ, ಹೇರ್ ಕಲರ್‌ನಿಂದ ಮುಖ ಊದಿಕೊಂಡರೆ? ಅದು ನೀವು ಮಾಡಿದ ಟ್ರೀಟ್‌ಮೆಂಟ್, ಆದ್ದರಿಂದ ಹೊರಗೆ. ಹೊರಗಿಡುವ ವಿಷಯಗಳ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಒಂದೇ ಒಂದು ವಾಕ್ಯ. ಇಮೇಲ್ ಮಾಡಿ ಕೇಳಿದಾಗ ಕಂಪನಿಯವರೂ ಇದನ್ನೇ ಚುಟುಕಾಗಿ ಬರೆದು ಕಳಿಸಿದರು. ಏಜೆಂಟ್‌ಗೆ ಆ ಇಮೇಲ್ ಫಾರ್ವರ್ಡ್ ಮಾಡಿದೆ. ಒಂದು ಥಂಬ್ಸ್ ಅಪ್ ಬಂತು, ಅಷ್ಟೆ.

ಎರಡು ಸ್ಟಾರ್ ಕಳೆದಿದ್ದು ಇದಕ್ಕೇ. ನಮ್ಮ ಕೆಲಸದಲ್ಲಿ ಭಯ ಇರೋದು ಕುರ್ಚಿ ಬಗ್ಗೆ ಅಲ್ಲ, ಚರ್ಮ ಮತ್ತು ಕೂದಲಿನ ಬಗ್ಗೆ. ದೆಹಲಿಯ ಒಂದು ದೊಡ್ಡ ಹೋಟೆಲಿನ ಸಲೂನ್‌ನಲ್ಲಿ ಹೇರ್‌ಕಟ್ ಕೆಟ್ಟಿದ್ದಕ್ಕೆ 2021ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2 ಕೋಟಿ ಪರಿಹಾರ ಕೊಡಿ ಅಂದಿತ್ತು, ನೆನಪಿದೆಯಾ? ಅಷ್ಟು ದೊಡ್ಡ ಮೊತ್ತಕ್ಕೆ ಆಧಾರ ಏನು ಅಂತ ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಆ ಮೊತ್ತವನ್ನು ರದ್ದು ಮಾಡಿ, ಮತ್ತೆ ನೋಡಿ ಅಂತ ಕೇಸನ್ನು ವಾಪಸ್ ಕಳಿಸಿತು. ಕೋಟಿ ಬಿಡಿ, ನಮಗೆ ಐವತ್ತು ಸಾವಿರದ ನೋಟಿಸ್ ಬಂದರೂ ಸಾಕಲ್ವಾ, ಅಂಗಡಿ ಮುಚ್ಚಬೇಕು. ಅದಕ್ಕೇ ಹೇರ್ ಕಲರ್ ಮಾಡೋ ಮುಂಚೆ 48 ಗಂಟೆ ಮೊದಲೇ ಕರೆಸಿ ಕಿವಿ ಹಿಂದೆ ಸ್ವಲ್ಪ ಕಲರ್ ಹಚ್ಚಿ ನೋಡೋ ಪ್ಯಾಚ್ ಟೆಸ್ಟ್ ಮಾಡುತ್ತೇನೆ, ಒಂದು ಚೀಟಿಯಲ್ಲಿ ತಾರೀಕು ಹಾಕಿ ಸೈನ್ ತಗೋತೀನಿ. ಪಿಪಿಡಿ ಅನ್ನೋ ಕೆಮಿಕಲ್ ಇರೋ ಕಲರ್ ಕೆಲವರಿಗೆ ಆಗಲ್ಲ, ಡಬ್ಬದ ಮೇಲೇ ಎಚ್ಚರಿಕೆ ಬರೆದಿರುತ್ತಾರೆ. "ಯಾವಾಗಲೂ ಹಾಕಿಸ್ಕೊಳ್ಳೋದೇ, ಬೇಗ ಮಾಡಿ" ಅನ್ನೋ ಆಂಟಿಯರಿಗೂ ಇದೇ ರೂಲು. ಬೈಕೊಂಡರೂ ಬೈಕೊಳ್ಳಲಿ.

ಇನ್ನು ಕ್ಲೇಮ್. ಹೋದ ಮಳೆಗಾಲ ಒಂದು ರಾತ್ರಿ ರಸ್ತೆ ಮೋರಿ ತುಂಬಿ ಒಳಗೆ ನೀರು ನುಗ್ಗಿತು. ಸ್ಟೀಮರ್, ವ್ಯಾಕ್ಸ್ ಹೀಟರ್, ಬೆಡ್ಡಿನ ಫೋಮು, ಕೆಳಗಿನ ಶೆಲ್ಫ್‌ನಲ್ಲಿದ್ದ ಫೇಶಿಯಲ್ ಕಿಟ್ಟುಗಳು ಎಲ್ಲಾ ಹೋದವು. ಸರ್ವೇಯರ್ ಬಂದವರು ವಯಸ್ಸಾದವರು, ಚಪ್ಪಲಿ ಹೊರಗೇ ಬಿಟ್ಟು ಆ ಕೆಸರಲ್ಲಿ ಬರಿಗಾಲಲ್ಲಿ ಕೂತುಬಿಟ್ಟರು. ಒಂದೊಂದೇ ಸಾಮಾನು ತಲೆಕೆಳಗು ಮಾಡಿ ಸೀರಿಯಲ್ ನಂಬರ್ ಬರೆದುಕೊಂಡು, "ಬಿಲ್ ಇದ್ಯಾಮ್ಮಾ?" ಅಂತ ಪ್ರತಿಯೊಂದಕ್ಕೂ ಕೇಳಿದರು. ಮಷಿನ್‌ಗಳಿಗೆ ಇತ್ತು. ಕ್ರೀಮು, ಬ್ಲೀಚು ಬರೋದು ಮಾಮೂಲ್‌ಪೇಟೆಯಿಂದ. ಅಲ್ಲಿ ಪಕ್ಕಾ ಬಿಲ್ ಕೇಳಿದರೆ ಜಿಎಸ್‌ಟಿ ಸೇರಿಸ್ತೀನಿ ಅಂತಾರೆ, ಇಲ್ಲಾಂದ್ರೆ ಬಿಳಿ ಚೀಟಿ. ಬಿಳಿ ಚೀಟಿಯ ಮಾಲಿಗೆ ಒಂದು ರೂಪಾಯಿ ಬರಲಿಲ್ಲ. ಹಳೇ ಸ್ಟೀಮರ್‌ಗೆ ಸವಕಳಿ ಕಳೆದರು, ಮೇಲೆ ಎಕ್ಸೆಸ್ ಅಂತ, ಅಂದರೆ ಪ್ರತಿ ಕ್ಲೇಮ್‌ನಲ್ಲಿ ನಾವೇ ಹೊರಬೇಕಾದ ಪಾಲು, ಇನ್ನೊಂದಷ್ಟು. ಉಳಿದ ದುಡ್ಡು ಗಲಾಟೆ ಇಲ್ಲದೆ ಅಕೌಂಟಿಗೆ ಬಂತು. ಮೂರು ಸ್ಟಾರ್ ಬಂದಿದ್ದು ಇಲ್ಲಿಂದ.

ಎಷ್ಟಕ್ಕೆ ವಿಮೆ ಮಾಡಿಸಬೇಕು ಅನ್ನೋದರಲ್ಲೂ ಒಂದು ಕೊಕ್ಕೆ ಇದೆ. ಪ್ರೀಮಿಯಂ ಉಳಿಸೋಣ ಅಂತ 4 ಲಕ್ಷದ ಸಾಮಾನಿಗೆ 2 ಲಕ್ಷ ಬರೆಸಿದ್ದೀರಿ ಅಂದುಕೊಳ್ಳಿ. 50 ಸಾವಿರ ಲಾಸ್ ಆದರೆ ಲೆಕ್ಕ ಹಾಕೋದು 25 ಸಾವಿರಕ್ಕೆ ಮಾತ್ರ, ಅರ್ಧ ವಿಮೆಗೆ ಅರ್ಧ ದುಡ್ಡು. 2021ರ ಏಪ್ರಿಲ್‌ನಿಂದ ಸಣ್ಣ ವ್ಯಾಪಾರಗಳಿಗೆ ಅಂತಲೇ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಅಂತ ಒಂದು ಸ್ಟ್ಯಾಂಡರ್ಡ್ ಪಾಲಿಸಿ ಇದೆ. ಅದರಲ್ಲಿ 15% ವರೆಗೆ ಕಮ್ಮಿ ಬರೆಸಿದ್ದರೂ ಕತ್ತರಿ ಹಾಕಲ್ಲ. ಆದರೆ ಅದು ಕಳ್ಳತನಕ್ಕೆ ದುಡ್ಡು ಕೊಡೋದು ಬೆಂಕಿ, ನೆರೆಯಂಥ ಅನಾಹುತ ಆಗಿ 7 ದಿನದೊಳಗೆ ಕಳ್ಳತನ ನಡೆದಿದ್ದರೆ ಮಾತ್ರ. ಮಾಮೂಲಿ ಕಳ್ಳತನಕ್ಕೆ ಬರ್ಗ್ಲರಿ ಕವರ್ ಬೇರೆ ಬೇಕು.

ಮೇಕಪ್ ಆರ್ಟಿಸ್ಟ್‌ಗಳು ಇದನ್ನು ಓದಿ: ಪಾಲಿಸಿ ಅಂಟಿಕೊಂಡಿರೋದು ಅಂಗಡಿ ವಿಳಾಸಕ್ಕೆ. ಕನಕಪುರ ರೋಡಿನ ಛತ್ರದಲ್ಲಿ ವಧುವಿನ ರೂಮಿಂದ ಏರ್‌ಬ್ರಶ್ ಮಷಿನ್ ಇರೋ ಬ್ಯಾಗ್ ಮಾಯವಾದರೆ ನನ್ನ ಪಾಲಿಸಿ ಕಣ್ಣೆತ್ತಿಯೂ ನೋಡಲ್ಲ. ಹೊರಗೆ ಒಯ್ಯೋ ಸಾಮಾನಿಗೆ ಬೇರೆ ಸೆಕ್ಷನ್ ಸೇರಿಸಿ ಅಂತ ನೀವೇ ಬಾಯಿಬಿಟ್ಟು ಕೇಳಬೇಕು.

ಇನ್ನು ಲೈಸೆನ್ಸ್. ಸರ್ವೇಯರ್ ಬಿಲ್ ಆದಮೇಲೆ ಕೇಳಿದ್ದೇ ಅದನ್ನ. ಅಮೆರಿಕದ ಥರ ನಮ್ಮಲ್ಲಿ ಬ್ಯೂಟಿಷಿಯನ್‌ಗೆ ಅಂತ ಪರೀಕ್ಷೆ ಬರೆಸಿ ಕೊಡೋ ವೈಯಕ್ತಿಕ ಲೈಸೆನ್ಸ್ ಇಲ್ಲ. ಕೋರ್ಸ್ ಮಾಡಿದ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ನೇತುಹಾಕಬಹುದು, ಅದು ಲೈಸೆನ್ಸ್ ಅಲ್ಲ. ಬೇಕಿರೋದು ಜಾಗಕ್ಕೆ: ಪಾಲಿಕೆಯ ಟ್ರೇಡ್ ಲೈಸೆನ್ಸ್, ಮತ್ತೆ 1961ರ ಅಂಗಡಿ ಕಾಯ್ದೆಯಲ್ಲಿ ಕಾರ್ಮಿಕ ಇಲಾಖೆಯ ನೋಂದಣಿ. ನೋಂದಣಿ ಐದು ವರ್ಷಕ್ಕೆ, ಆನ್‌ಲೈನ್‌ನಲ್ಲೇ ಆಗುತ್ತೆ. ಟ್ರೇಡ್ ಲೈಸೆನ್ಸ್ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ, ಪಾಲಿಸಿ ತಾರೀಕು ಬೇರೆ, ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆದವಲ್ಲ, ನಿಮ್ಮ ರಸ್ತೆ ಯಾವ ಪಾಲಿಕೆಗೆ ಬಂತು ಅಂತ ಮೊದಲು ತಿಳ್ಕೊಳ್ಳಿ. ಲೈಸೆನ್ಸ್, ನೋಂದಣಿ, ಪಾಲಿಸಿ ಮೂರರಲ್ಲೂ ಹೆಸರು, ವಿಳಾಸ ಒಂದೇ ಥರ ಇರಲಿ. ನನ್ನ ಪಾಲಿಸಿಯಲ್ಲಿ ಡೋರ್ ನಂಬರ್ ತಪ್ಪಾಗಿ ಟೈಪ್ ಮಾಡಿದ್ದರು, ಅದನ್ನು ಸರಿಪಡಿಸೋವರೆಗೂ ಕ್ಲೇಮ್ ಫೈಲ್ ಅಲ್ಲಾಡಲಿಲ್ಲ.

ಸಣ್ಣ ಉದ್ಯಮಗಳಿಗಿರೋ ಉದ್ಯಮ್ ರಿಜಿಸ್ಟ್ರೇಶನ್ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಫ್ರೀ, ಆಧಾರ್ ಮತ್ತು ಪ್ಯಾನ್ ಬೇಕು. ನಮ್ಮ ಏರಿಯಾದ ಕನ್ಸಲ್ಟೆಂಟ್ ಒಬ್ಬರು ಅದಕ್ಕೂ ದುಡ್ಡು ಹೇಳಿದರು, ನಕ್ಕು ಎದ್ದು ಬಂದೆ. ಲೇಸರ್, ಬೊಟಾಕ್ಸ್ ಎಲ್ಲಾ ಡಾಕ್ಟರ್ ಕೆಲಸ, ಪಾರ್ಲರ್ ಲೈಸೆನ್ಸ್ ಇಟ್ಟುಕೊಂಡು ಅದಕ್ಕೆ ಕೈ ಹಾಕಬೇಡಿ.

ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಬೀಳುತ್ತೆ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ತೆಗೆದಿದ್ದು ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ, ಅಂಗಡಿ ವಿಮೆಗಲ್ಲ. ಅಂದಹಾಗೆ, ಸಹಾಯಕಿ ಹುಡುಗಿಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ.

ಕ್ಲೇಮ್ ವಿಷಯದಲ್ಲಿ ಕಂಪನಿ ಸತಾಯಿಸಿದರೆ ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಿ. 30 ದಿನ ಆದರೂ ಉತ್ತರ ಇಲ್ಲ ಅಂದರೆ ಜೆಪಿ ನಗರದ ಜೀವನ್ ಸೌಧದಲ್ಲಿ ವಿಮೆ ದೂರು ವಿಚಾರಿಸೋ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಆಫೀಸ್ ಇದೆ. ಫೀಸ್ ಇಲ್ಲ, ವಕೀಲರೂ ಬೇಡ, ನಮ್ಮಂಥ ಒಬ್ಬರೇ ಮಾಲೀಕರ ವ್ಯಾಪಾರದ ಪಾಲಿಸಿ ದೂರನ್ನೂ ತಗೋತಾರೆ.

ರಿನ್ಯೂವಲ್ ಮಾಡಿಸಿದೆ, ಈ ಸಲ ನೇರವಾಗಿ ಬ್ರಾಂಚಿಗೇ ಹೋಗಿ. ಟ್ರೀಟ್‌ಮೆಂಟ್ ಲಯಬಿಲಿಟಿಗೆ ಬೇರೆ ಕಂಪನಿಗಳಲ್ಲಿ ಕೊಟೇಶನ್ ಕೇಳಿದ್ದೇನೆ. ಒಬ್ಬರೇ ಪಾರ್ಲರ್ ನಡೆಸೋರು ಯಾರಾದರೂ ಅದನ್ನು ಪಾಲಿಸಿಯಲ್ಲೇ ಬರೆಸಿಕೊಂಡಿದ್ದರೆ ಆ ಪುಟದ ಫೋಟೋ ಹಾಕಿ. ಬ್ರೋಷರ್ ಬೇಡ, ಅದು ನನ್ನ ಹತ್ತಿರವೂ ಇದೆ.