ಪ್ಯಾಪ್ ಪರೀಕ್ಷೆಯ ಜೊತೆಗೆ ಲೈಂಗಿಕ ಸೋಂಕಿನ ತಪಾಸಣೆ: ಕಾಸರಗೋಡಿನ ಒಂದು ಕ್ಲಿನಿಕ್ಕಿನ ಸೇವೆ

ಗರ್ಭಕಂಠದ ಕ್ಯಾನ್ಸರಿನ ತಪಾಸಣೆಗಾಗಿ ಮಾಡುವ ಪ್ಯಾಪ್ ಪರೀಕ್ಷೆಗೆಂದು ಹೋದವರಿಗೆ ಅದೇ ಹೊತ್ತಿನಲ್ಲಿ ಕ್ಲಮೈಡಿಯಾ, ಗೊನೊರಿಯಾ ಸೋಂಕುಗಳ ಪರೀಕ್ಷೆಯನ್ನೂ ಮಾಡಿಕೊಡುವ ಖಾಸಗಿ ಕ್ಲಿನಿಕ್ಕೊಂದು ಕಾಸರಗೋಡು ಪೇಟೆಯಲ್ಲಿದೆ. ಅಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಆ ಪರೀಕ್ಷೆಗೆ ಒಪ್ಪಿಗೆ ಕೇಳುವ ರೀತಿಯನ್ನು. ಜೊತೆಗೆ ಬಂದಿದ್ದ ಅತ್ತೆಯವರನ್ನು ಹೊರಗೆ ಕುಳ್ಳಿರಿಸಿ, ಪರದೆ ಎಳೆದ ಮೇಲೆಯೇ ನರ್ಸ್ ಮಾತು ತೆಗೆದರು. "ಇದನ್ನು ಎಲ್ಲರಲ್ಲಿಯೂ ಕೇಳುತ್ತೇವೆ ಅಕ್ಕಾ, ಸಂಶಯಪಟ್ಟು ಅಲ್ಲ. ನೀವು ಈ ಸೋಂಕಿನ ಪರೀಕ್ಷೆ ಬೇಡವೆಂದರೂ ಪ್ಯಾಪ್ ಮಾಡಿಯೇ ಮಾಡುತ್ತೇವೆ" ಎಂದರು.

ಪ್ಯಾಪ್ ವರದಿ ಸರಿಯಿದ್ದರೆ ಒಳಗಿನದೆಲ್ಲ ಸರಿಯೆಂದು ನಂಬಿರುವ ಹೆಂಗಸರು ನಮ್ಮಲ್ಲಿ ಬಹಳ. ಆದರೆ ಆ ಪರೀಕ್ಷೆ ನೋಡುವುದು ಗರ್ಭಕಂಠದ ಜೀವಕೋಶಗಳಲ್ಲಿ ಆಗಿರುವ ಬದಲಾವಣೆಯನ್ನು. ಎಚ್‌ಪಿವಿ ಪರೀಕ್ಷೆ ಹುಡುಕುವುದು ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು. ಕ್ಲಮೈಡಿಯಾ ಇದೆಯೋ ಇಲ್ಲವೋ ಎಂಬುದನ್ನು ಇವೆರಡೂ ತಿಳಿಸುವುದಿಲ್ಲ. ಹೆಚ್ಚಿನ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರದ ಆ ಸೋಂಕು ಚಿಕಿತ್ಸೆಯಿಲ್ಲದೆ ಗರ್ಭನಾಳದವರೆಗೆ ಏರಿದರೆ ಬಂಜೆತನಕ್ಕೂ ಗರ್ಭನಾಳದಲ್ಲೇ ಗರ್ಭ ನಿಲ್ಲುವ ಅಪಾಯಕ್ಕೂ ದಾರಿಯಾಗುತ್ತದೆ, ಆದರೆ ಸಕಾಲದಲ್ಲಿ ಪತ್ತೆಯಾದರೆ ಆ್ಯಂಟಿಬಯಾಟಿಕ್‌ನಿಂದ ಗುಣವಾಗುತ್ತದೆ. ಇದಕ್ಕೆ ಬೇಕಾದ ಮಾದರಿಯನ್ನು ಅದೇ ಮೇಜಿನ ಮೇಲೆ, ಇನ್ನೊಂದು ಹತ್ತಿಕಡ್ಡಿಯಿಂದ ತೆಗೆದರು. ಅದಕ್ಕೆ ನಿಮಿಷವೂ ಹಿಡಿಯಲಿಲ್ಲ.

ಒಪ್ಪಿಗೆ ಪತ್ರ ಮಾತ್ರ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯಿಂದ ಬರುವ, ಕನ್ನಡ ಶಾಲೆಯಲ್ಲಿ ಓದಿದ ಹೆಂಗಸರು ಇಷ್ಟು ಖಾಸಗಿಯಾದ ವಿಷಯಕ್ಕೆ ಓದಲಾಗದ ಕಾಗದದ ಮೇಲೆ ಸಹಿ ಹಾಕಬೇಕಾಗಿರುವುದು ನನಗೆ ಸರಿಕಾಣಲಿಲ್ಲ. ನರ್ಸ್ ಬಾಯಲ್ಲಿ ವಿವರಿಸಿದರು, ನಿಜ. ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ.

ಇನ್ನೊಂದು ಕೊರತೆ ವಯಸ್ಸಿನದು. ನಮ್ಮ ದೇಶದ 2016ರ ಮಾರ್ಗಸೂಚಿಯಂತೆ ಗರ್ಭಕಂಠದ ತಪಾಸಣೆ 30ರಿಂದ 65 ವರ್ಷದವರಿಗೆ. ಕ್ಲಮೈಡಿಯಾ ಹೆಚ್ಚಾಗಿ ಕಾಣುವುದು ಅದಕ್ಕಿಂತ ಎಳೆಯರಲ್ಲಿ. ಹಾಗಾಗಿ ಬಸಿರಿಯರಿಗೂ, ಹೊಸದಾಗಿ ಮದುವೆಯಾದವರಿಗೂ ಈ ಪರೀಕ್ಷೆಯ ವಿಷಯವನ್ನು ಕ್ಲಿನಿಕ್ಕು ಪ್ರತ್ಯೇಕವಾಗಿ ತಿಳಿಸಬೇಕು. ಸೋಂಕು ಕಂಡುಬಂದರೆ ಗಂಡನಿಗೂ ಜೊತೆಯಲ್ಲೇ ಚಿಕಿತ್ಸೆ ಆಗದಿದ್ದರೆ ಅದು ಮರಳಿ ಬರಬಹುದು ಎಂಬ ಮಾತನ್ನು ನಾನಾಗಿ ಕೇಳಿದ ಮೇಲಷ್ಟೇ ಹೇಳಿದರು. ಎಚ್‌ಐವಿ ಪರೀಕ್ಷೆ ಅಲ್ಲಿಲ್ಲ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಜ್ಯೋತಿಸ್ ಕೇಂದ್ರಕ್ಕೆ ಹೋಗಬಹುದು, ಅಲ್ಲಿ ಉಚಿತ. ವರದಿಯನ್ನು ಯಾರ ಫೋನಿಗೆ ಕಳುಹಿಸಬೇಕೆಂದು ಕ್ಲಿನಿಕ್ಕಿನವರು ಕೇಳಿಯೇ ಬರೆದುಕೊಳ್ಳುತ್ತಾರೆ. ಮನೆಯವರ ನಂಬರಿನ ಬದಲು ನಿಮ್ಮದನ್ನೇ ಕೊಡಿ.